ಅರಿಶಿನ ಕುಡಿದ ಎಂಜಿನ್

"ಎಣ್ಣೆ ಕಮ್ಮಿಯಾದ ಗಾಡಿ ದಿನಕ್ಕೆ ಹತ್ತು ಬರ್ತಾವೆ ಮೇಡಂಜಿ. ಎಣ್ಣೆ ಜಾಸ್ತಿಯಾದ ಗಾಡಿ ನೋಡ್ತಿರೋದು ಇವತ್ತೇ."

ಇಕ್ರಾರ್ ಮಿಸ್ತ್ರಿ ಎಂಜಿನ್ನಿನಿಂದ ಎಳೆದ, ಎಣ್ಣೆ ಅಳೆಯುವ ಡಿಪ್‌ಸ್ಟಿಕ್ಕನ್ನು ಬೆಳಕಿಗೆ ಹಿಡಿದ. ಮೇಲಿನ ಗುರುತನ್ನೂ ದಾಟಿ ಬೆರಳಗಲ ಎಣ್ಣೆ ಅಂಟಿತ್ತು. ಪಂಕಜಾ ಅದನ್ನು ಮೂಸಿ ನೋಡಿದರು. ಆಮೇಲೆ ಜಲಜಾಕ್ಷಿಯ ಮುಂದೆ ಚಾಚಿದರು.

ಪೆಟ್ರೋಲ್. ತಮ್ಮ ಹೋಟೆಲಿನ ಅಡುಗೆಮನೆಯಲ್ಲಿ ಇಪ್ಪತ್ತಾರು ವರ್ಷ ಕಳೆದ ಅವಳ ಮೂಗಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮುಚ್ಚಳ ತೆಗೆಯುವ ಮೊದಲೇ ಹಿಟ್ಟು ಹುಳಿ ಬಂದದ್ದು ಗೊತ್ತಾಗುವ ಹಾಗೆ, ಎಣ್ಣೆಯಲ್ಲಿ ಇರಬಾರದ ಪೆಟ್ರೋಲ್ ದೂರದಿಂದಲೇ ತಿಳಿಯುತ್ತಿತ್ತು.

ನಲವತ್ತಮೂರು ದಿನದ ಹಿಂದೆ, ಒಂದು ಗುರುವಾರ ಮುಂಜಾನೆ, ಇದೇ ಕಾರಿನಲ್ಲಿ ಹೊರಟ ಅವಳ ಗಂಡ ಜಯಾನಂದ ಮರಳಿ ಬಂದಿರಲಿಲ್ಲ. ಶನಿವಾರ ಕಾರು ಮುರಾದ್‌ನಗರದ ಗಂಗಾ ಕಾಲುವೆಯ ದಂಡೆಯಲ್ಲಿ ಸಿಕ್ಕಿತ್ತು, ಬೀಗದಕೈ, ಫೋನು, ಚಪ್ಪಲಿಗಳ ಸಮೇತ. ಗುರುವಾರವೇ ನೀರಿಗೆ ಹಾರಿದ್ದಾರೆ ಎಂದು ಪೊಲೀಸರು ಬರೆದು ಮುಗಿಸಿದ್ದರು.

ಮುಗಿಸದೆ ಉಳಿದವರು ಇಬ್ಬರೇ. ಒಬ್ಬಳು ಜಲಜಾಕ್ಷಿ. ಇನ್ನೊಬ್ಬರು ಪೀತಮ್‌ಪುರದ ಪಂಕಜಾ. ಮೂವತ್ತು ವರ್ಷ ವಿಮಾ ಕಂಪನಿಗಳಿಗೆ ಅಪಘಾತದ ಕಾರುಗಳನ್ನು ಪರೀಕ್ಷೆ ಮಾಡಿಕೊಟ್ಟು ನಿವೃತ್ತರಾದವರು, ಈಗ ಕರೆದವರಿಗಾಗಿ ಪತ್ತೆಯ ಕೆಲಸ ಮಾಡುವವರು.

ಮಿಕ್ಕವರಿಗೆಲ್ಲ ಅವಸರ. ಮೈದುನ ಸುಶಾಂತ್ ಗಢಗಂಗೆಯ ದಡದಲ್ಲಿ ಭಾನುವಾರಕ್ಕೆ ಅಣ್ಣನ ಕರ್ಮ ಗೊತ್ತುಮಾಡಿದ್ದ. ದೇಹ ಸಿಗದ ಕಾರಣ ದರ್ಭೆಯಿಂದ ಮನುಷ್ಯಾಕೃತಿ ಮಾಡಿ ಸುಡುವುದು. ಅದಾದ ಮೇಲೆ ಜಲಜಾಕ್ಷಿ ಕೊರಳಿನ ಕರಿಮಣಿ ತೆಗೆಯುವುದು. ಕಾರನ್ನೂ ಮಾರಲು ಹೊರಟಿದ್ದ. ಆದರೆ ಕಾರು ಕಪ್ಪು ಹೊಗೆ ಉಗುಳಿ ಪೊಲ್ಯೂಶನ್ ಪರೀಕ್ಷೆಯಲ್ಲಿ ಬಿದ್ದಿತ್ತು. ಹೊಗೆ ನಿಲ್ಲಿಸಿ ಕೊಡು ಎಂದು ದೆಹಲಿಯ ಲಕ್ಷ್ಮೀ ನಗರದ ಈ ಗ್ಯಾರೇಜಿಗೆ ಕಳಿಸಿದ್ದ.

ಇಂದು ಶುಕ್ರವಾರ. ನಡುವೆ ಉಳಿದದ್ದು ಒಂದೇ ದಿನ.

"ಇದು ಹೇಗಾಯ್ತು ಮಿಸ್ತ್ರಿ?" ಪಂಕಜಾ ಕೇಳಿದರು.

"ಯಾರೋ ದಿನಾ ಸ್ಟಾರ್ಟ್ ಮಾಡಿ, ಬಿಸಿಯಾಗೋ ಮೊದಲೇ ಆಫ್ ಮಾಡ್ತಿದ್ದಾರೆ. ಈ ಚಳೀಲಿ ಎಂಜಿನ್ ಎದ್ದ ಕೂಡಲೇ ಪೆಟ್ರೋಲ್ ಜಾಸ್ತಿ ಕೇಳುತ್ತೆ, ನಾವು ಎದ್ದ ಕೂಡಲೇ ಚಾ ಕೇಳೋ ಹಾಗೆ. ಓಡಿಸಿದ್ರೆ ಉರಿದುಹೋಗುತ್ತೆ. ನಿಂತಲ್ಲೇ ಆರಿಸಿದ್ರೆ? ಉರಿಯದ ಪೆಟ್ರೋಲ್ ಕೆಳಗೆ ಎಣ್ಣೆಗೆ ಇಳಿಯುತ್ತೆ. ಇಷ್ಟು ಎಣ್ಣೆ ಏರ್ಬೇಕಾದ್ರೆ ಒಂದು ತಿಂಗಳಾದ್ರೂ ಬೇಕು." ಇಕ್ರಾರ್ ನಕ್ಕ. "ಯಾರೋ ಗಾಡಿ ಜೊತೆ ಚೆಲ್ಲಾಟ ಆಡಿದ್ದಾರೆ."

ಜಲಜಾಕ್ಷಿ ಶಾಲನ್ನು ಬಿಗಿಯಾಗಿ ಹೊದ್ದುಕೊಂಡಳು. ಕಿವಿ ಬಿಸಿಯಾಗಿತ್ತು.

ಪಂಕಜಾ ಅವಳ ಕಡೆ ತಿರುಗಲಿಲ್ಲ. ಡಿಪ್‌ಸ್ಟಿಕ್ಕನ್ನು ಬಟ್ಟೆಯಲ್ಲಿ ಒರೆಸುತ್ತ ಕನ್ನಡದಲ್ಲಿ ಕೇಳಿದರು. ಇಕ್ರಾರನಿಗೆ ಕನ್ನಡ ತಿಳಿಯದು.

"ಎಷ್ಟು ದಿನದಿಂದ ಜಲಜಕ್ಕ?"

"ಠಾಣೆಯಿಂದ ಗಾಡಿ ಬಂದ ಮಾರನೇ ದಿನದಿಂದ."

"ನಿಮಗೆ ಡ್ರೈವಿಂಗ್ ಬರೋದಿಲ್ಲ ಅಂದಿದ್ರಿ."

"ಬರೋದಿಲ್ಲ. ಬಾಗಿಲ ಹತ್ರ ನಿಂತೇ ಬಗ್ಗಿ ಕೀ ತಿರುಗಿಸ್ತೇನೆ. ಆಮೇಲೆ ಸುತ್ತಿ ಹೋಗಿ ನನ್ನ ಸೀಟಲ್ಲಿ ಕೂರ್ತೇನೆ. ಐದು ನಿಮಿಷ. ಹಾಲಿನವನು ಬರೋ ಹೊತ್ತಿಗೆ ಆಫ್ ಮಾಡಿ ಮೇಲೆ ಹೋಗ್ತೇನೆ."

"ಒಂದು ದಿನವೂ ತಪ್ಪಿಸಿಲ್ವಾ?"

"ಜ್ವರ ಬಂದ ದಿನ ಎರಡು ಸಲ ಮಾಡಿದೆ."

ಪಂಕಜಾ ಒರೆಸುವುದನ್ನು ನಿಲ್ಲಿಸಿದರು. ಅಷ್ಟೇ. ಸಮಾಧಾನದ ಮಾತು ಅವರಿಗೆ ಬರುತ್ತಿರಲಿಲ್ಲ, ಬಾರದ್ದಕ್ಕೇ ಜಲಜಾಕ್ಷಿಗೆ ಅವರ ಮೇಲೆ ನಂಬಿಕೆ.

ಇದನ್ನು ಹೇಗೆ ವಿವರಿಸುವುದು? ಮದುವೆಯಾಗಿ ದೆಹಲಿಗೆ ಬಂದಂದಿನಿಂದ ಪ್ರತಿ ಬೆಳಗ್ಗೆ ಐದೂವರೆಗೆ ಜಯಾನಂದರು ಗಾಜೀಪುರದ ಮಂಡಿಗೆ ತರಕಾರಿ ತರಲು ಹೊರಡುತ್ತಿದ್ದರು. ಹಾಸಿಗೆಯಲ್ಲಿ ಮಲಗಿಯೇ ಅವಳು ಕೆಳಗೆ ಗಾಡಿ ಸ್ಟಾರ್ಟ್ ಆಗುವುದನ್ನು ಕೇಳುತ್ತಿದ್ದಳು. ಆ ಸದ್ದು ಗಲ್ಲಿಯ ತಿರುವಿನಲ್ಲಿ ಕರಗಿದ ಮೇಲೆ ಹತ್ತು ನಿಮಿಷ ನಿದ್ದೆ. ದಿನದ ಅತಿ ಸವಿಯಾದ ನಿದ್ದೆ ಅದು. ಹೊರಟಿದ್ದಾರೆ ಎಂದರೆ ಬರುತ್ತಾರೆ ಎಂದು ಅರ್ಥ. ಬದನೆ ಬಾಡಿದೆ ಎಂದು ಬೈಯಲು, ತೆಂಗಿನಕಾಯಿ ತಟ್ಟಿ ನೋಡಲು, ಅವಳಿಗೆ ಒಬ್ಬ ಮನುಷ್ಯ ವಾಪಸ್ಸು ಬರುತ್ತಾನೆ ಎಂದು ಅರ್ಥ.

ಈಗ ಆ ಹತ್ತು ನಿಮಿಷದ ನಿದ್ದೆ ಬರುತ್ತಿರಲಿಲ್ಲ. ಸದ್ದನ್ನಾದರೂ ತರಿಸಿಕೊಳ್ಳೋಣ ಎಂದು ಕೆಳಗಿಳಿದಿದ್ದಳು. ಡ್ರೈವರ್ ಸೀಟಿನಲ್ಲಿ ಮಾತ್ರ ಒಂದು ದಿನವೂ ಕೂತಿರಲಿಲ್ಲ.

"ನಾನೇ ಹಾಳು ಮಾಡಿದೆ ಅಲ್ವಾ?" ಎಂದಳು. "ಹೊಗೆ ಬಂದದ್ದು ನನ್ನಿಂದ. ಅಷ್ಟೇ ಕಥೆ."

"ಅಷ್ಟೇ ಅಂತ ನಾನು ಹೇಳಿಲ್ಲ," ಪಂಕಜಾ ತೋಳು ಮಡಚಿಕೊಂಡರು. "ಒಂದು ಕಾರಣ ಸಿಕ್ಕ ಕೂಡಲೇ ಫೈಲು ಮುಚ್ಚೋದು ಠಾಣೆಯವರ ಪದ್ಧತಿ. ನಿಮ್ಮಿಂದ ಆದದ್ದನ್ನ ಮೊದಲು ತೊಳೆದು ತೆಗೆಯೋಣ. ಆಮೇಲೂ ಏನಾದ್ರೂ ಉಳಿದ್ರೆ, ಅದು ನಿಮ್ಮದಲ್ಲ."

ಇಕ್ರಾರ್ ಹಳೆಯ ಎಣ್ಣೆಯನ್ನು ಇಳಿಸಿದ. ನೀರಿನಷ್ಟು ತೆಳ್ಳಗೆ ಸುರಿಯಿತು. ಮಸಿ ಹಿಡಿದ ನಾಲ್ಕು ಪ್ಲಗ್ಗುಗಳನ್ನು ಬಿಚ್ಚಿ ಹೊಸದು ಕೂರಿಸಿದ. ಏರ್ ಫಿಲ್ಟರ್ ತೆಗೆದು ಕೊಡವಿ ನೋಡಿದ, ಅದು ಚೊಕ್ಕಟವಾಗಿಯೇ ಇತ್ತು. ಹೊಸ ಎಣ್ಣೆ ತುಂಬಿ ಗಾಡಿ ಸ್ಟಾರ್ಟ್ ಮಾಡಿದ.

ಮೆಟ್ರೋ ಕಂಬಗಳ ಆಚೆ ಹನ್ನೊಂದು ಗಂಟೆಯ ಬಿಸಿಲು ಇನ್ನೂ ಮಂಜಿನ ಹಿಂದೆಯೇ ಇತ್ತು. ಕೋಚಿಂಗ್ ಕ್ಲಾಸಿಗೆ ಹೋಗುವ ಹುಡುಗಿಯರು ಮೂಗು ಮುಚ್ಚಿಕೊಂಡು ಗ್ಯಾರೇಜನ್ನು ದಾಟಿದರು. ಇಪ್ಪತ್ತು ನಿಮಿಷ ಎಂಜಿನ್ ಓಡಿತು. ಪಂಕಜಾ ತಮ್ಮ ಬಿಳಿ ಕರವಸ್ತ್ರವನ್ನು ಸೈಲೆನ್ಸರಿನ ಬಾಯಿಗೆ ಹಿಡಿದು ತೆಗೆದರು.

ನಡುವೆ ದುಂಡಗೆ ಕಪ್ಪು ಮಚ್ಚೆ.

"ಇನ್ನೂ ಪೆಟ್ರೋಲ್ ಕುಡೀತಿದೆ," ಎಂದ ಇಕ್ರಾರ್, ಈ ಸಲ ನಗದೆ.

ಜಲಜಾಕ್ಷಿಯ ಎದೆಯಲ್ಲಿ ಏನೋ ಎದ್ದು ನಿಂತಿತು. ಕೆಟ್ಟುಹೋದ ಎಂಜಿನ್ನನ್ನು ನೋಡಿ ಹೀಗೆ ಸಂತೋಷಪಟ್ಟವರು ಲೋಕದಲ್ಲಿ ಇದ್ದಾರೋ ಇಲ್ಲವೋ. ಉಳಿದದ್ದು ಅವಳದಲ್ಲ. ಉಳಿದದ್ದು ಗುರುವಾರದಿಂದ ಶನಿವಾರದವರೆಗಿನ ಆ ಮೂರು ದಿನಗಳದ್ದು.

ಇಕ್ರಾರ್ ಸ್ಟಿಯರಿಂಗಿನ ಕೆಳಗೆ ಸ್ಕ್ಯಾನರಿನ ತಂತಿ ಸಿಕ್ಕಿಸಿ, ಪರದೆಯನ್ನು ಮೇಡಂ ಕಡೆ ತಿರುಗಿಸಿದ. ಪಂಕಜಾ ಕನ್ನಡಕ ಏರಿಸಿ ಓದಿದರು.

"ಎಂಜಿನ್ ಬಿಸಿ, ಮೂವತ್ತೊಂದು ಡಿಗ್ರಿ. ಇಪ್ಪತ್ತು ನಿಮಿಷ ಓಡಿದ ಮೇಲೆ?"

"ಆಗೋದಿಲ್ಲ." ಇಕ್ರಾರ್ ಮೂಲೆಯಿಂದ ಬಿಸಿ ಅಳೆಯುವ ಗನ್ನು ತಂದ, ಕೊರೊನಾ ಕಾಲದಲ್ಲಿ ಎಲ್ಲರ ಹಣೆಗೆ ಹಿಡಿಯುತ್ತಿದ್ದಂಥದ್ದು. ಎಂಜಿನ್ನಿನ ಪಕ್ಕೆಗೆ ಗುರಿಯಿಟ್ಟ. "ಎಂಬತ್ತೆಂಟು! ನೋಡಿ ಭಾಭೀಜಿ. ಎಂಜಿನ್ ಬೆವರು ಸುರಿಸ್ತಿದೆ. ಅದರ ತಲೆಗೆ ಮಾತ್ರ ಯಾರೋ ಚಳಿ, ಚಳಿ ಅಂತ ಹೇಳ್ತಾನೇ ಇದ್ದಾರೆ. ಪಾಪ, ಅದೂ ನಂಬಿ ಪೆಟ್ರೋಲ್ ಸುರೀತಾನೇ ಇದೆ."

ಮನೆಗೆ ಬಂದವರೆಲ್ಲ ನಲವತ್ತಮೂರು ದಿನದಿಂದ ಅವಳ ಕಿವಿಗೂ ಹೋದರು, ಹೋದರು ಎಂಬ ಒಂದೇ ಮಾತನ್ನು ಹೇಳುತ್ತಿದ್ದರು. ಅವಳು ನಂಬಿರಲಿಲ್ಲ. ಕೆಲವು ರಾತ್ರಿ ನಂಬಿದ್ದಳು.

ಎಂಜಿನ್ ಆರಲಿ ಎಂದು ಅರ್ಧ ಗಂಟೆ ಕಾದರು. ಶುಂಠಿ ಚಹಾ ಬಂತು, ಯಾರೂ ಸರಿಯಾಗಿ ಕುಡಿಯಲಿಲ್ಲ. ಆಮೇಲೆ ಇಕ್ರಾರ್ ಒಂದು ಪೈಪನ್ನು ಸಡಿಲಿಸಿ, ಕೈ ಒಳಗೆ ತೂರಿಸಿ, ಬಿಸಿ ಅಳೆದು ತಿಳಿಸುವ, ಹೆಬ್ಬೆರಳಿನ ಗಾತ್ರದ ಟೆಂಪರೇಚರ್ ಸೆನ್ಸರನ್ನು ಬಿಚ್ಚಿ ತೆಗೆದ. ಹಳೆಯ ಹಿಂದಿ ಪತ್ರಿಕೆಯ ಮೇಲೆ ಇಟ್ಟ.

ಮೂವರೂ ಬಗ್ಗಿದರು.

ಹಿತ್ತಾಳೆಯ ಮೂತಿ ಕಾಣಿಸುತ್ತಲೇ ಇರಲಿಲ್ಲ. ಅದರ ಸುತ್ತ ದಪ್ಪಗೆ, ಗಟ್ಟಿಯಾಗಿ, ಹಳದಿಯ ಮೆತ್ತೆ ಒಣಗಿ ಕೂತಿತ್ತು. ಪೈಪಿನಿಂದ ತೊಟ್ಟಿಕ್ಕುತ್ತಿದ್ದ, ಎಂಜಿನ್ ತಣಿಸುವ ಕೂಲಂಟ್ ನೀರೂ ಹಳದಿ.

"ಕೂಲಂಟ್ ಹಸಿರು ಇರ್ಬೇಕಿತ್ತಲ್ಲ?" ಎಂದರು ಪಂಕಜಾ.

"ನಾನೇ ಹಾಕಿದ್ದು ಹಸಿರು! ರೇಡಿಯೇಟರ್ ಪಕ್ಕದ ಡಬ್ಬಿ ನೋಡಿ, ಅಲ್ಲಿ ಇನ್ನೂ ಹಸಿರೇ ಇದೆ. ಅದಕ್ಕೇ ಬೆಳಗ್ಗೆ ನನಗೆ ಅನುಮಾನ ಬರ್ಲಿಲ್ಲ."

ಜಲಜಾಕ್ಷಿ ಮೆತ್ತೆಯನ್ನು ಉಗುರಿನಿಂದ ಕೆರೆದು ಬೆರಳುಗಳ ನಡುವೆ ಉಜ್ಜಿದಳು. ಮೂಗಿನ ಹತ್ತಿರ ತಂದಳು. ಎಂಜಿನ್ನಿನ ಎಲ್ಲ ಕೊಳೆಯ ನಡುವೆಯೂ ಆ ವಾಸನೆ ತನ್ನ ಮರ್ಯಾದೆ ಉಳಿಸಿಕೊಂಡಿತ್ತು.

"ಅರಿಶಿನ," ಎಂದಳು.

"ಹಲ್ದಿ!" ಇಕ್ರಾರ್ ತೊಡೆ ತಟ್ಟಿಕೊಂಡ. "ಟ್ರಕ್ಕಿನವರ ಉಪಾಯ ಮೇಡಂಜಿ. ನಡುದಾರೀಲಿ ರೇಡಿಯೇಟರ್ ಸೋರಿದ್ರೆ ಒಂದು ಹಿಡಿ ಹಲ್ದಿ ಹಾಕ್ತಾರೆ. ಬಿರುಕಿಗೆ ಹೋಗಿ ಕೂತು ನೀರು ನಿಲ್ಲಿಸುತ್ತೆ. ಆದರೆ ಬಿರುಕಿಗೆ ಮಾತ್ರ ಕೂರು ಅಂತ ಅದಕ್ಕೆ ಹೇಳೋರು ಯಾರು? ಸೆನ್ಸರಿಗೂ ಕಂಬಳಿ ಹೊದಿಸಿದೆ."

ಟಾರ್ಚು ಹಿಡಿದು ಹುಡುಕಿದ. ರೇಡಿಯೇಟರಿನ ಕೆಳಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು, ಅದರ ಮೇಲೆ ಹಳದಿಯ ಗೆರೆ.

ಜಲಜಾಕ್ಷಿ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತಳು.

ಜೈಪುರದ ದಾರಿ. ಮದುವೆಯಾದ ಮೊದಲ ಬೇಸಿಗೆ. ಅವರದು ಆಗ ಒಂದು ಹಳೆಯ ವ್ಯಾನು. ನಡುಮಧ್ಯಾಹ್ನ ಬಾನೆಟ್ಟಿನಿಂದ ಹಬೆ ಏಳತೊಡಗಿದಾಗ ಅವಳು ಅಳುವುದೊಂದು ಬಾಕಿ. ಅವರು ಅರ್ಧ ಮೈಲಿ ನಡೆದು ಹೋಗಿ, ಢಾಬಾದಿಂದ ಕಾಗದದ ಪೊಟ್ಟಣದಲ್ಲಿ ಅರಿಶಿನ ತಂದಿದ್ದರು. ಅದನ್ನು ಸುರಿದು, ಬೆವರಿದ ಮುಖದಿಂದ ಅವಳ ಕಡೆ ತಿರುಗಿ, "ಒಗ್ಗರಣೆ ನೀನು ಕೊಡ್ತೀಯೋ, ನಾನೇ ಕೊಡ್ಲೋ?" ಎಂದಿದ್ದರು. ಅಲ್ಲಿಯವರೆಗೆ ಅವಳಿಗೆ ಅವರು ಗಂಡ, ಅಷ್ಟೇ. ಆ ರಸ್ತೆಯ ಬದಿಯಲ್ಲಿ, ಆ ಧೂಳಿನಲ್ಲಿ, ಅವರ ಮೇಲೆ ಆಸೆ ಹುಟ್ಟಿತ್ತು. ಇದನ್ನು ಅವರಿಗೆ ಒಂದು ದಿನವೂ ಹೇಳಿರಲಿಲ್ಲ. ಹೇಳಲು ಏನು ಅವಸರ ಎಂದುಕೊಂಡು ಇಪ್ಪತ್ತಾರು ವರ್ಷ ಕಳೆದುಹೋಗಿತ್ತು.

"ಇದು ಅವರ ಕೈ," ಎಂದಳು. "ಅವರೇ ಹಾಕಿದ್ದು."

ಪಂಕಜಾ ಕೂಡಲೇ ಒಪ್ಪಲಿಲ್ಲ. "ಮಿಸ್ತ್ರಿ, ನೀನು ಹಸಿರು ಕೂಲಂಟ್ ಹಾಕಿದ್ದು ಯಾವತ್ತು?"

"ಸಾಬ್ ಕಾಣೆಯಾದ ಗುರುವಾರದ ಹಿಂದಿನ ಸೋಮವಾರ. ಸರ್ವೀಸ್ ಮಾಡಿದೆ, ಸ್ಕ್ಯಾನರ್ ಹಾಕಿ ಹಳೇ ತೊಂದರೆಗಳ ಕೋಡ್ ಎಲ್ಲ ಅಳಿಸಿದೆ. ಅವತ್ತು ರೇಡಿಯೇಟರಿನಲ್ಲಿ ಒಂದು ಹನಿ ಸೋರಿಕೆ ಇರ್ಲಿಲ್ಲ. ಮಕ್ಕಳಾಣೆ."

"ಆಣೆ ಬೇಡ. ಗಾಡಿನೇ ಹೇಳುತ್ತೆ." ಪಂಕಜಾ ಸ್ಕ್ಯಾನರಿನಲ್ಲಿ ಇನ್ನೊಂದು ಪುಟ ತೆರೆದರು. "ಕೋಡ್ ಅಳಿಸಿದ ಮೇಲೆ ಎಷ್ಟು ದೂರ ಓಡಿದೆ ಅಂತ ಇದು ತಾನೇ ಲೆಕ್ಕ ಇಟ್ಟಿರುತ್ತೆ. ಮುನ್ನೂರ ಮೂವತ್ತೊಂದು ಕಿಲೋಮೀಟರ್. ಜಲಜಕ್ಕ, ಮಂಗಳವಾರ, ಬುಧವಾರ ಮಂಡಿಗೆ ಹೋಗಿಬಂದದ್ದು, ಕಾಲುವೆಗೆ ಹೋದದ್ದು, ಠಾಣೆಯಿಂದ ಮನೆಗೆ ಬಂದದ್ದು. ಎಲ್ಲ ಎಳೆದಾಡಿದ್ರೂ ನೂರಿಪ್ಪತ್ತು ದಾಟೋದಿಲ್ಲ."

"ಉಳಿದ ಇನ್ನೂರು?"

"ಗುರುವಾರ ಬೆಳಗ್ಗೆಯಿಂದ ಕಾಲುವೆ ದಂಡೆಯಲ್ಲೇ ನಿಂತಿತ್ತು ಅಂತ ಪೊಲೀಸರು ಬರೆದ ಗಾಡಿ ಇದು." ಪಂಕಜಾ ಕನ್ನಡಕ ತೆಗೆದರು. "ಎಲ್ಲಿಗೋ ಹೋಗಿದೆ. ದಾರೀಲಿ ಸೋರಿದೆ. ಯಾರೋ ಇಳಿದು, ಅರಿಶಿನ ಹುಡುಕಿ ತಂದು, ಗಾಡಿ ರಿಪೇರಿ ಮಾಡ್ಕೊಂಡು ಮುಂದೆ ಹೋಗಿದ್ದಾರೆ. ಸಾಯೋಕೆ ಹೊರಟವನು ರೇಡಿಯೇಟರ್ ಚಿಂತೆ ಮಾಡೋದಿಲ್ಲ ಜಲಜಕ್ಕ."

ಆ ಮಾತು ಜಲಜಾಕ್ಷಿಯ ಒಳಗೆ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಇಳಿದ ಮೇಲೆ ಅದನ್ನು ಅಲ್ಲಾಡಿಸಬಾರದು ಎನ್ನುವಂತೆ ಸ್ಟೂಲಿನ ಅಂಚನ್ನು ಹಿಡಿದುಕೊಂಡಳು.

ಇಕ್ರಾರ್ ಪಕ್ಕದ ಅಂಗಡಿಯಿಂದ ಬೇರೆ ರೇಡಿಯೇಟರನ್ನೂ ಹೊಸ ಸೆನ್ಸರನ್ನೂ ತಂದ. ಹಳೆಯ ಸೆನ್ಸರನ್ನು ಪಂಕಜಾ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಮೇಲೆ ತಾರೀಖು ಬರೆದು ಇಟ್ಟುಕೊಂಡರು. ಎಂಜಿನ್ನಿನೊಳಗೆ ಮೂರು ಸಲ ನೀರು ತುಂಬಿಸಿ ಹೊರಗೆ ಬಿಟ್ಟಾಗ ಗ್ಯಾರೇಜಿನ ಮುಂದಿನ ಚರಂಡಿ ಹಳದಿಯಾಗಿ ಹರಿಯಿತು. ಊಟದ ಹೊತ್ತಿಗೆ ಕೆಲಸ ಮುಗಿಯಿತು.

"ಸ್ಟಾರ್ಟ್ ಮಾಡ್ಲಾ ಭಾಭೀಜಿ?"

ಪರದೆಯ ಮೇಲಿನ ಅಂಕಿ ಏರತೊಡಗಿತು. ಹದಿನೆಂಟು. ಮೂವತ್ತು. ಐವತ್ತು. ಅರವತ್ತು ದಾಟುತ್ತಿದ್ದಂತೆ ಎಂಜಿನ್ನಿನ ಸದ್ದು ಒಂದು ಮೆಟ್ಟಿಲು ಕೆಳಗಿಳಿದು, ಬಿಗಿ ಬಿಟ್ಟು, ಮೆತ್ತಗಾಯಿತು. ಸೈಲೆನ್ಸರಿನಿಂದ ತೆಳ್ಳನೆಯ ಬಿಳಿ ಉಗಿ ಬಿಟ್ಟರೆ ಬೇರೇನೂ ಇರಲಿಲ್ಲ. ಪಂಕಜಾ ಕರವಸ್ತ್ರದ ಇನ್ನೊಂದು ಮೂಲೆಯನ್ನು ಹಿಡಿದು ತೋರಿಸಿದರು. ಬಿಳಿಯಾಗಿಯೇ ಇತ್ತು.

ಜಲಜಾಕ್ಷಿ ಅದನ್ನು ನೋಡಲಿಲ್ಲ. ಕಣ್ಣು ಮುಚ್ಚಿ ಕೇಳುತ್ತಿದ್ದಳು. ಐದು ವಾರದಿಂದ ಅವಳು ಮುಂಜಾನೆ ಕೇಳುತ್ತಿದ್ದುದು ಉಸಿರು ಕಟ್ಟಿದ, ಕೆಮ್ಮುವ, ಯಾರದೋ ಗಾಡಿ. ಇದು ಅದಲ್ಲ. ಇದು ಗಲ್ಲಿಯ ತಿರುವಿನಲ್ಲಿ ಕರಗುತ್ತಿದ್ದ ಸದ್ದು. ಎಚ್ಚರವಾಗಿದ್ದೂ ಒಂದು ಕ್ಷಣ ಅವಳಿಗೆ ನಿದ್ದೆಯ ಸುಖ ಬಂತು.

"ಅರೆ, ಹೊಗೆ ನಿಂತಿತಾ? ಚಲೋ, ಒಳ್ಳೇದಾಯ್ತು."

ಅವಳು ಕಣ್ಣು ತೆರೆದಳು. ಆಟೋದಿಂದ ಇಳಿದು ಸುಶಾಂತ್ ಬರುತ್ತಿದ್ದ. ಇಂದಿರಾಪುರಂನ ಹದಿನಾಲ್ಕನೇ ಮಹಡಿಯಲ್ಲಿ ಮನೆ, ನೋಯ್ಡಾದಲ್ಲಿ ಆಫೀಸು. ಅಣ್ಣನಿಗಿಂತ ಹನ್ನೊಂದು ವರ್ಷ ಚಿಕ್ಕವನು. ಹೈಸ್ಕೂಲಿನಲ್ಲಿದ್ದಾಗ ದೆಹಲಿಗೆ ಬಂದವನು, ಅವಳ ಕೈ ಊಟ ಉಂಡು ಬೆಳೆದವನು. ಈ ಆರು ವಾರದಲ್ಲಿ ಹತ್ತು ವರ್ಷ ವಯಸ್ಸಾದವನ ಹಾಗೆ ಕಾಣುತ್ತಿದ್ದ.

"ಕೊಳ್ಳುವವರು ನಾಳೆ ಹತ್ತು ಗಂಟೆಗೆ ಬರ್ತಾರೆ ಅತ್ತಿಗೆ. ನೀವು ಇಲ್ಲೆಲ್ಲ ಯಾಕೆ ಬಂದ್ರಿ, ಈ ಚಳೀಲಿ?"

"ಕೂತ್ಕೋ ಸುಶಾಂತ."

"ಲೇಟಾಗುತ್ತೆ. ಭಟ್ರಿಗೆ ಸಾಮಾನಿನ ಪಟ್ಟಿ..."

"ರೇಡಿಯೇಟರಿಗೆ ಅರಿಶಿನ ಹಾಕಿದ್ದು ಯಾರು?"

ಅವನ ಕಣ್ಣು ಮೊದಲು ಪಂಕಜಾರ ಕೈಯಲ್ಲಿದ್ದ ಚೀಲಕ್ಕೆ ಹೋಯಿತು. ಆಮೇಲೆ ಚರಂಡಿಯ ಹಳದಿಗೆ.

"ನಾನೇ," ಎಂದ, ತಡವರಿಸದೆ. "ಠಾಣೆಯಿಂದ ತರುವಾಗ ದಾರೀಲಿ ಬಿಸಿಯಾಯ್ತು. ಒಂದು ಢಾಬಾದಲ್ಲಿ ಕೇಳಿ ಹಾಕಿದೆ. ಹೇಳೋಕೆ ಮರೆತೆ. ಎಂತ ಅಷ್ಟು ದೊಡ್ಡ ವಿಷಯ ಅದು?"

ಪಂಕಜಾ ಏನೋ ಹೇಳಲು ಬಾಯಿ ತೆರೆದರು. ಜಲಜಾಕ್ಷಿ ಕೈ ಎತ್ತಿ ತಡೆದಳು. ಇದು ಅವಳ ಮನೆಯ ಹುಡುಗ. ಅವನು ಸುಳ್ಳು ಹೇಳುವಾಗ ಮಾತು ಚೊಕ್ಕವಾಗುತ್ತದೆ ಎಂದು ಅವಳಿಗೆ ಅವನು ಒಂಬತ್ತನೇ ಕ್ಲಾಸಿನಲ್ಲಿದ್ದಾಗಿನಿಂದ ಗೊತ್ತು.

"ಇಕ್ರಾರ್ ಭಾಯಿ, ಗಾಡಿ ಆಫ್ ಮಾಡಿ ಬಾನೆಟ್ ಹಾಕಿ." ಧಪ್ಪೆಂದು ಬಾನೆಟ್ ಮುಚ್ಚಿತು. "ಸುಶಾಂತ, ಈಗ ಬಾನೆಟ್ ತೆಗಿ."

"ಅತ್ತಿಗೆ, ಎಂತ ಇದು ಮಕ್ಕಳಾಟ?"

"ತೆಗಿ ಮಾರಾಯ. ಅರಿಶಿನ ಹಾಕಬೇಕಾದ್ರೆ ತೆಗೆದಿದ್ದೆ ಅಲ್ವಾ?"

ಸುಶಾಂತ್ ಕಾರಿನಲ್ಲಿ ಕೂತ. ಸ್ಟಿಯರಿಂಗಿನ ಕೆಳಗೆ ಕೈಯಾಡಿಸಿದ. ಬಗ್ಗಿದ. ಏನೋ ಸಿಕ್ಕಿತು, ಎಳೆದ. ಹಿಂದುಗಡೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಟಪ್ಪೆಂದು ತೆರೆದುಕೊಂಡಿತು.

ಮಾತು ಅರ್ಥವಾಗದಿದ್ದರೂ ವಿಷಯ ಊಹಿಸಿದ್ದ ಇಕ್ರಾರ್ ಕಿಸಕ್ಕನೆ ನಕ್ಕ. "ಸಾಬ್, ಹಲ್ದಿ ಅಲ್ಲಿ ಹಾಕಿದ್ರಾ?"

ಬೇರೆ ಯಾರೂ ನಗಲಿಲ್ಲ. ಸುಶಾಂತ್ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಅಲ್ಲೇ ಕೂತಿದ್ದ. ಅವಳು ಸುತ್ತಿ ಹೋಗಿ ಎಡಗಡೆಯ ಬಾಗಿಲು ತೆರೆದು ಅವನ ಪಕ್ಕದಲ್ಲಿ ಕೂತಳು. ಬಾಗಿಲು ಮುಚ್ಚಿದಳು. ಕಿಟಕಿಯ ಗಾಜು ಅರ್ಧ ಇಳಿದಿತ್ತು. ಪಂಕಜಾ ಅದರ ಹೊರಗೆ, ಕೇಳುವಷ್ಟು ಹತ್ತಿರ ನಿಂತರು.

"ಅಣ್ಣ ಇನ್ನೂರು ಕಿಲೋಮೀಟರ್ ಎಲ್ಲಿಗೆ ಹೋಗಿದ್ರು?"

"ನಂಗೊತ್ತಿಲ್ಲ."

"ಅರಿಶಿನ ಅವರದ್ದೇ."

ಸುಶಾಂತ್ ಬಲಗಡೆಯ ಕಿಟಕಿಯತ್ತ ಮುಖ ತಿರುಗಿಸಿದ.

"ನೀನು ಅದನ್ನ ನಿನ್ನ ತಲೆ ಮೇಲೆ ಎಳ್ಕೊಂಡೆ. ಅಂದ್ರೆ ನಿಂಗೆ ಗೊತ್ತಿತ್ತು, ಅದು ಯಾರು ಹಾಕಿದ್ದು, ಯಾವಾಗ ಹಾಕಿದ್ದು ಅಂತ." ಅವಳ ಸ್ವರ ಏರಲಿಲ್ಲ. "ನನ್ನ ಮುಖ ನೋಡು ಸುಶಾಂತ. ಜ್ವರ ಬಂದಾಗ ನಿಂಗೆ ಗಂಜಿ ಕುಡಿಸಿದ್ದೇನೆ. ನಾನು ಹೆಂಡತಿಯೋ, ವಿಧವೆಯೋ, ಅದೊಂದು ಹೇಳು. ಬೇರೆ ಎಂತದೂ ಬೇಡ."

"ಬಿಟ್ಟುಬಿಡಿ ಅತ್ತಿಗೆ. ದಯವಿಟ್ಟು. ಭಾನುವಾರ ಒಂದು ಮುಗೀಲಿ, ನಿಮಗೂ ನೆಮ್ಮದಿ..."

"ಭಾನುವಾರದ್ದು ಯಾರ ತೀರ್ಮಾನ? ದೇಹ ಸಿಗದವರಿಗೆ ಎಷ್ಟೋ ವರ್ಷ ಕಾಯ್ತಾರೆ. ನೀನು ಆರು ವಾರಕ್ಕೇ ಹೊರಟೆ. ದೇವರಿಗೆ ಕೈ ಮುಗಿಯೋಕೂ ಸೋಮಾರಿ ನೀನು. ದರ್ಭೆ, ಎಳ್ಳು, ಭಟ್ರು ಅಂತ ಓಡಾಡ್ತಿದ್ದೀಯ. ನಿಂಗೆ ಇದನ್ನೆಲ್ಲ ಹೇಳಿದವರು ಯಾರು?"

ಸುಶಾಂತ್ ಸ್ಟಿಯರಿಂಗಿಗೆ ಹಣೆ ಹಚ್ಚಿದ. ಅವನ ಬೆನ್ನು ಅಲುಗಾಡುತ್ತಿತ್ತು. ಅಳುತ್ತಿದ್ದಾನೆ ಎಂದು ತಿಳಿಯಲು ಅವಳಿಗೆ ಒಂದು ಕ್ಷಣ ಬೇಕಾಯಿತು.

"ಅಣ್ಣನೇ," ಎಂದ.

ಹೊರಗೆ ಪಂಕಜಾರ ಬಳೆ ಕಿಟಕಿಯ ಅಂಚಿಗೆ ತಾಗಿ ಸದ್ದಾಯಿತು.

"ಅಣ್ಣನೇ ಹೇಳಿದ್ದು. ಕರ್ಮ ಮಾಡಿಸು, ಅವಳನ್ನ ಕರ್ಕೊಂಡು ಬಾ, ಅವಳು ಕಣ್ಣಾರೆ ನೋಡ್ಬೇಕು ಅಂದ. ಇಲ್ಲದಿದ್ರೆ ಜೀವ ಇರೋವರೆಗೂ ಕಾಯ್ತಾನೇ ಇರ್ತಾಳೆ ಅಂದ."

ಜಲಜಾಕ್ಷಿಗೆ ಕಾರಿನ ಗಾಜಿನಾಚೆ ಎಲ್ಲವೂ ಬಹಳ ಸ್ಪಷ್ಟವಾಗಿ ಕಂಡಿತು. ಟೈರುಗಳ ರಾಶಿ, ಕಂಬದ ಮೇಲಿನ ಪೋಸ್ಟರು, ಚಹಾದ ಗ್ಲಾಸುಗಳನ್ನು ಆರಿಸಿಕೊಳ್ಳುತ್ತಿದ್ದ ಮುದುಕ. ತಾನು ಇದಕ್ಕೆ ಸಿಟ್ಟಾಗಬೇಕು ಎಂದು ಗೊತ್ತಿತ್ತು. ಸಿಟ್ಟು ಆಮೇಲೆ ಬರುತ್ತದೆ, ಬಂದರೆ ಬೇಗ ಹೋಗುವುದೂ ಇಲ್ಲ. ಈಗ ಮಾತ್ರ, ಆ ಕ್ರೂರ ಮಾತಿನೊಳಗೂ ಅವಳ ಕಿವಿ ಬೇರೆಯದನ್ನೇ ಹುಡುಕುತ್ತಿತ್ತು. 'ಅವಳು' ಅಂದರಂತೆ. 'ಕಾಯ್ತಾನೇ ಇರ್ತಾಳೆ' ಅಂದರಂತೆ.

"ಯಾವತ್ತು ಹೇಳಿದ್ರು?" ಎಂದಳು.

"ಅತ್ತಿಗೆ..."

"ಹೋಗೋ ಮೊದಲು ಹೇಳಿದ್ದಾ? ಆ ಮೂರು ದಿನದಲ್ಲಾ? ಯಾವತ್ತು?"

"ಮೊನ್ನೆ," ಎಂದ ಸುಶಾಂತ್. "ಬುಧವಾರ ಸಂಜೆ. ಫೋನಲ್ಲಿ."

ಬುಧವಾರ ಸಂಜೆ ಅವಳು ಹೋಟೆಲಿನಲ್ಲಿ ನಾಳೆಯ ಅಕ್ಕಿ ನೆನೆಹಾಕುತ್ತಿದ್ದಳು. ಆ ಹೊತ್ತಿನಲ್ಲಿ ಎಲ್ಲೋ ಒಂದು ಕಡೆ ಅವರು ಉಸಿರಾಡುತ್ತಿದ್ದರು, ಮಾತಾಡುತ್ತಿದ್ದರು, ಅವಳ ವಿಷಯವನ್ನೇ. ಅವಳು ಕರಿಮಣಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಕೊರಳಿನ ಹಿಂದೆ ದಾರ ಕೊರೆಯಿತು.

"ನಾಡಿದ್ದು ಗಢಗಂಗೆಗೆ ಅವರೂ ಬರ್ತಾರಾ?"

ಸುಶಾಂತ್ ತಲೆ ಎತ್ತಿದ. ಕಿಟಕಿಯಾಚೆ ನಿಂತ ಪಂಕಜಾರನ್ನು ನೋಡಿದ, ಆಮೇಲೆ ರಸ್ತೆಯ ಆ ತುದಿಯನ್ನು, ಈ ತುದಿಯನ್ನು. ಇಲ್ಲ ಎನ್ನಲಿಲ್ಲ.

ಅವಳಿಗೆ ಅಷ್ಟು ಸಾಕಾಗಿತ್ತು. ದೂರದಲ್ಲಿ, ಯಾರದೋ ಗುಂಪಿನ ಹಿಂದೆ, ಮಫ್ಲರ್ ಸುತ್ತಿಕೊಂಡು ಅವರು ನಿಂತಿರಬಹುದು. ತಮ್ಮದೇ ಬೊಂಬೆ ಉರಿಯುವುದನ್ನಲ್ಲ, ಅವಳನ್ನು ನೋಡಲು. ಒಂದು ಸಲ.

"ಭಟ್ರಿಗೆ ಫೋನ್ ಮಾಡು," ಎಂದಳು ಜಲಜಾಕ್ಷಿ. "ಭಾನುವಾರ ನಾನು ಬರ್ತೇನೆ."

ಆರು ವಾರದಿಂದ ಇದೊಂದು ಮಾತಿಗಾಗಿ ಅವಳನ್ನು ಬೇಡಿ ಬೇಡಿ ಸೋತಿದ್ದ ಸುಶಾಂತನ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. ಅವಳ ಕೈಯನ್ನು ಎರಡೂ ಕೈಗಳಿಂದ ಹಿಡಿದುಕೊಂಡ.

"ಬೇಡ ಅತ್ತಿಗೆ. ಗೊತ್ತಾದ ಮೇಲೆ ಬರ್ಬೇಡಿ. ಅಣ್ಣನನ್ನ ಹೆದರಿಸಿ ಇಟ್ಟವರಿಗೆ ನಿಮ್ಮ ಮುಖ ನೋಡಿದ್ರೇ ತಿಳಿದುಹೋಗುತ್ತೆ. ಅಲ್ಲಿಗೆ ಅಣ್ಣ ಒಬ್ಬನೇ ಬರೋದಿಲ್ಲ."